ಅರವತ್ತೈದನೆಯದು

ಷರ್ಟಿನ ಕೊನೆಯ ಗುಂಡಿಗೆ ಕಾಜ ಉಳಿಯಲಿಲ್ಲ. ಉಗ್ರಾಣಿ ಬಗ್ಗಿ ನೋಡಿಕೊಂಡ. ಮೇಲಿನಿಂದಲೇ ಒಂದು ತಪ್ಪಿಸಿ ಹಾಕಿಕೊಂಡು ಬಂದಿದ್ದ. ಒಂದು ಅಂಚು ಮೇಲೆ, ಒಂದು ಅಂಚು ಕೆಳಗೆ, ಐವತ್ತಾರು ತುಂಬಿದ ಮನುಷ್ಯ ಮೊದಲ ದಿನ ಸ್ಕೂಲಿಗೆ ಹೊರಟ ಕೂಸಿನ ಹಾಗೆ ಕನ್ನಡಿಯಲ್ಲಿ ನಿಂತಿದ್ದ. ಥೂ ನಿನ್ನ, ಎಂದು ತನಗೇ ಬೈದುಕೊಂಡು ಎಲ್ಲ ಬಿಚ್ಚಿ ಮತ್ತೆ ಮೇಲಿನಿಂದ ಶುರುಮಾಡಿದ. ಬೆರಳು ನಡುಗುತ್ತಿರಲಿಲ್ಲ. ಗುರುವಾರದಿಂದ ಈ ಸೋಮವಾರದವರೆಗೆ ಊಟ ಸೇರಿತ್ತು, ನಿದ್ದೆ ಬಂದಿತ್ತು, ಭಾನುವಾರ ಕೂತು ಪೇಪರ್ ಪೂರ್ತಿ ಓದಿದ್ದ. ಒಂದು ಜೀವ ಹೋದಮೇಲೂ ಮನುಷ್ಯನಿಗೆ ಇಷ್ಟು ಚೆನ್ನಾಗಿ ನಿದ್ದೆ ಬರುವುದುಂಟೇ ಎಂದು ಬೆಳಿಗ್ಗೆ ಎದ್ದ ಮೇಲೆ ನಾಚಿಕೆಯಾಗುತ್ತಿತ್ತು; ಆ ನಾಚಿಕೆಯೂ ಹಲ್ಲುಜ್ಜುವ ಹೊತ್ತಿಗೆ ಇಳಿದುಹೋಗುತ್ತಿತ್ತು.

ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. "ರೀ, ಮೀಟಿಂಗು ಮೂರು ಗಂಟೆಗೇ ಅಲ್ವಾ?"

"ಹ್ಞೂಂ."

"ಅವನು ಎರಡು ದಿನದಿಂದ ನನ್ನ ಫೋನೇ ಎತ್ತಿಲ್ಲ." ಅವನು ಎಂದರೆ ಅವಳ ತಮ್ಮ. ಉಗ್ರಾಣಿ ಇರುವ ಆಸ್ಪತ್ರೆಯಲ್ಲೇ, ಅದೇ ಕಂಪ್ಯೂಟರ್ ಕೋಣೆಯಲ್ಲೇ ಒಂಬತ್ತು ವರ್ಷದಿಂದ ಕೆಲಸ ಮಾಡುವವನು. ಗುರುವಾರದ ಅನಾಹುತಕ್ಕೆ ಎಲ್ಲರೂ ಬೆರಳು ತೋರಿಸುತ್ತಿದ್ದದ್ದು ಅವನ ಕಡೆಗೇ.

"ತಲೆ ಕೆಟ್ಟಿರತ್ತೆ. ಎತ್ತುತಾನೆ ಬಿಡು."

"ಅವನನ್ನ ಉಳಿಸಿಕೊಡಿ ಅಂತ ನಾನು ಕೇಳ್ತಿಲ್ಲ. ತಪ್ಪು ಮಾಡಿದ್ರೆ ಅನುಭವಿಸ್ಲಿ, ಮೂವತ್ತೆಂಟು ವರ್ಷ ಆಯ್ತು, ಮಗು ಅಲ್ಲ. ಆದ್ರೆ ನಿಮ್ಮ ಬಾಯಿಂದ ಅವನ ಮೇಲೆ ಒಂದು ಸುಳ್ಳು ಬರಬಾರ್ದು ರೀ. ಅಷ್ಟು ಮಾಡಿ ಸಾಕು."

"ನಾನ್ಯಾಕೆ ಸುಳ್ಳು ಹೇಳ್ಲಿ?" ಎಂದ. ತೀರಾ ಬೇಗ ಎಂದುಬಿಟ್ಟ. ಅವಳು ಹತ್ತಿರ ಬಂದು ಅವನ ಕಾಲರ್ ಸರಿಮಾಡಿದಳು. ಸವೆದುಹೋದ ಕಾಲರನ್ನು ಅವಳೇ ಬಿಚ್ಚಿ, ತಿರುಗಿಸಿ, ಒಳಮೈ ಹೊರಗೆ ಬರುವಂತೆ ಹೊಲಿದಿದ್ದಳು. ನೋಡಿದವರಿಗೆ ಹೊಸದೇ ಅನ್ನಿಸಬೇಕು.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಇವತ್ತು ಹೇಳಿಬಿಡುವುದೇ, ಎಂದುಕೊಂಡ. ಸಾರ್, ಆ ಒಂಬತ್ತನೆಯ ಸರ್ವರನ್ನು ಹಚ್ಚಿದ್ದು ನಾನು. ಒಂದೇ ಸಾಲು. ಇಷ್ಟು ಹೇಳಿ ಕೂತುಬಿಟ್ಟರೆ ಮುಗಿಯಿತು, ಮುಂದಿನದು ಅವರ ಹಣೆಬರಹ. ಆದರೆ ಎರಡನೇ ಸಲ ಹೇಳಿಕೊಂಡಾಗ ಆ ಸಾಲಿಗೆ ಒಂದು ಬಾಲ ಬಂದಿತ್ತು: ಸಾರ್, ಆಸ್ಪತ್ರೆಗೆ ಅನುಕೂಲ ಆಗಲಿ ಅಂತ ಹಚ್ಚಿದ್ದು. ಮೂರನೇ ಸಲ ಇನ್ನೂ ಉದ್ದ: ಸಾರ್, ನಾನು ಹಚ್ಚಿದ್ದು ನಿಜ, ಆದರೆ ಅದರಿಂದ ತೊಂದರೆ ಏನೂ ಆಗಿರಲಿಲ್ಲ, ಹುಡುಗ ಆ ಗುಂಡಿ ಒತ್ತದೇ ಇದ್ದಿದ್ದರೆ. ಅಲ್ಲಿಗೆ ನಿಲ್ಲಿಸಿದ. ನೋಡಿದೆಯಾ, ಮೂರು ಸ್ಟಾಪಿನೊಳಗೆ ಹೇಗೆ ಜಾರಿಕೊಂಡೆ, ಎಂದು ತನ್ನ ನಾಲಿಗೆಯನ್ನು ತಾನೇ ಹಲ್ಲಿನ ನಡುವೆ ಹಿಡಿದ. ಪಕ್ಕದಲ್ಲಿ ಕೂತಿದ್ದ ಹೆಂಗಸು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಸ್ವಲ್ಪ ಸರಿದು ಕೂತಳು. ತಾನು ಗಟ್ಟಿಯಾಗಿ ಮಾತಾಡಿಕೊಂಡೆನೇನೋ ಎಂದು ಅವನಿಗೆ ಬೆವರು ಬಂತು.

ಉಗ್ರಾಣಿ ಎಂಬ ಹೆಸರು ಯಾರಿಟ್ಟರೋ, ಇಪ್ಪತ್ತಾರು ವರ್ಷದಿಂದ ಸ್ಟೋರೇಜ್ ನೋಡಿಕೊಳ್ಳುವವನಿಗೆ ಅದು ಚರ್ಮದ ಹಾಗೆ ಅಂಟಿತ್ತು. ಆಸ್ಪತ್ರೆಯ ನೆಲಮಾಳಿಗೆಯ ಕೋಣೆಯಲ್ಲಿ ಎಂಟು ಸರ್ವರುಗಳು. ಒಂದೊಂದರ ಹೊಟ್ಟೆಯೊಳಗೂ ಹತ್ತು ಹನ್ನೆರಡು ವರ್ಚುವಲ್ ಮಷೀನುಗಳು. ಕಣ್ಣಿಗೆ ಕಾಣುವ ಯಂತ್ರಗಳಲ್ಲ, ಒಂದೇ ಯಂತ್ರದೊಳಗೆ ತಾವೂ ಒಂದೊಂದು ಯಂತ್ರವೆಂದು ನಂಬಿಕೊಂಡು ಓಡುವಂಥವು. ಲ್ಯಾಬಿನ ರಿಪೋರ್ಟಿಗೆ ಒಂದು, ಔಷಧಿಗೆ ಒಂದು, ಎಕ್ಸ್‌ರೇಗೆ ಒಂದು. ಆದರೆ ಈ ಎಂಟಕ್ಕೂ ಸ್ವಂತದ್ದು ಅಂತ ಒಂದು ಚೂರೂ ಇರಲಿಲ್ಲ. ಬರೆದಿಡುವುದು, ತೆಗೆಯುವುದು, ಎಲ್ಲ ಮೂಲೆಯ ಕಪಾಟಿನಲ್ಲಿದ್ದ ಒಂದೇ ಸ್ಟೋರೇಜಿನಲ್ಲಿ. ಎಂಟು ಜನ ಸೊಸೆಯರಿಗೆ ಒಂದೇ ಉಗ್ರಾಣ ಇದ್ದ ಹಾಗೆ. ಒಂದೊಂದು ಸರ್ವರೂ ಅದಕ್ಕೆ ಎಂಟೆಂಟು ಕನೆಕ್ಷನ್ ಹಿಡಿಯುತ್ತಿತ್ತು. ಸ್ಟೋರೇಜು ಕೊಡುತ್ತಿದ್ದದ್ದು ಒಟ್ಟು ಅರವತ್ತನಾಲ್ಕು. ಎಂಟೆಂಟಲ ಅರವತ್ತನಾಲ್ಕು, ಸರಿಗೆ ಸರಿ. ಅರವತ್ತೈದನೆಯದು ಬಂದರೆ ಅದು ಬಯ್ಯುವುದಿಲ್ಲ, ಅರಚುವುದಿಲ್ಲ. ಸುಮ್ಮನೆ ಬಾಗಿಲು ತೆಗೆಯುವುದಿಲ್ಲ, ಅಷ್ಟೆ. ಅದಕ್ಕೇ ಏಳು ವರ್ಷದ ಹಿಂದೆ ಉಗ್ರಾಣಿ ಒಂದು ಹಾಳೆಗೆ ಗೆರೆ ಹೊಡೆದು, ಎಂಟು ಸಾಲು, ಸಾಲಿಗೆ ಎಂಟು ಮನೆ ಮಾಡಿ, ಕಪಾಟಿನ ಬಾಗಿಲಿಗೆ ಅಂಟಿಸಿದ್ದ. ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲ್. ಯಾವುದನ್ನು ಹಚ್ಚಿದರೂ, ಯಾವುದನ್ನು ಬಿಚ್ಚಿದರೂ ಮೊದಲು ಹಾಳೆಯಲ್ಲಿ ಬರೆದು, ತಾರೀಕು ಹಾಕಿ, ಸಣ್ಣ ಸಹಿ ಮಾಡಬೇಕು. ಆಮೇಲೇ ಕೇಬಲ್ ಮುಟ್ಟಬೇಕು. ಎರಡು ವರ್ಷದ ಹಿಂದೆ ಕಂಪ್ಯೂಟರ್ ವಿಭಾಗಕ್ಕೆ ಹೊಸ ಮುಖ್ಯಸ್ಥ ಬಂದ ದಿನವೇ ಇದನ್ನು ಕಂಡು "ಏನ್ ಸಾರ್, ಸ್ಲೇಟು ಬಳಪ ಇಲ್ವಾ?" ಎಂದು ನಕ್ಕಿದ್ದ, ಆಮೇಲೆ ಆ ಕಡೆ ತಿರುಗಿಯೂ ನೋಡಿರಲಿಲ್ಲ. ಹಾಳೆ ಓದುತ್ತಿದ್ದವರು ಇಬ್ಬರೇ, ಭಾವ ಮತ್ತು ಭಾವಮೈದುನ. ಒಂದು ಸಲ ಮೈದುನ ಕೇಬಲ್ ಚುಚ್ಚಿ ಆಮೇಲೆ ಬರೆದದ್ದಕ್ಕೆ ಉಗ್ರಾಣಿ ಎಲ್ಲರ ಮುಂದೆ ಅವನಿಗೆ ಮಂಗಳಾರತಿ ಎತ್ತಿದ್ದ. "ನಾನು ಸೇರಿಸಿದ ಹುಡುಗ ಅಂತ ಹೇಳ್ಕೊಳೋಕೆ ನನಗೆ ನಾಚಿಕೆ ಆಗತ್ತೆ" ಎಂದಿದ್ದ. ಆ ಮಾತು ಆಡುವಾಗ ಬಾಯಿಗೆ ಎಷ್ಟು ರುಚಿಯಾಗಿತ್ತು ಎನ್ನುವುದು ಬಸ್ಸು ತಿರುವು ತೆಗೆದುಕೊಳ್ಳುವಾಗ ನೆನಪಾಯಿತು.

ನಾನು ಸೇರಿಸಿದ ಹುಡುಗ. ಮದುವೆಮನೆಯಲ್ಲಿ, ಆಸ್ಪತ್ರೆಯ ಮೆಟ್ಟಿಲ ಮೇಲೆ, ಹಲ್ಲಿನ ಡಾಕ್ಟರ ಎದುರಿಗೆ ಕೂಡ. ಇವನು ನಮ್ಮನೆಯವಳ ತಮ್ಮ, ನಾನೇ ಸೇರಿಸಿದ್ದು. ಪ್ರತಿ ಸಲವೂ ಮೈದುನ ತಲೆ ಸ್ವಲ್ಪ ಬಗ್ಗಿಸಿ ನಗುತ್ತಿದ್ದ. ಒಂಬತ್ತು ವರ್ಷ ಬಗ್ಗಿದ ಕತ್ತು.

ನೆಲಮಾಳಿಗೆಯ ಬಾಗಿಲು ತೆಗೆದಾಗ ತಣ್ಣನೆಯ ಗಾಳಿ, ಫ್ಯಾನುಗಳ ಒಂದೇ ಸಮನೆಯ ಮೊರೆತ. ಮೈದುನ ಇನ್ನೂ ಬಂದಿರಲಿಲ್ಲ. ಉಗ್ರಾಣಿ ಕಾಲೆಳೆದುಕೊಂಡು ಕೊನೆಯ ಸಾಲಿಗೆ ಹೋದ. ಅಲ್ಲಿ ಕೆಳಗೆ 'ಅಜ್ಜ' ಬಿದ್ದಿತ್ತು, ಹನ್ನೊಂದು ವರ್ಷದ ಹಳೆಯ ಸರ್ವರು, ಕೆಲಸದಿಂದ ತೆಗೆದು ಎರಡು ವರ್ಷವಾಗಿದ್ದದ್ದು. ಅಜ್ಜ ಎಂದು ಹೆಸರಿಟ್ಟದ್ದು ಮೈದುನ. ಅಜ್ಜನಿಗೆ ಇನ್ನೂ ದಮ್ಮಿದೆ, ಸಣ್ಣಪುಟ್ಟ ಕೆಲಸಕ್ಕೆ ಇಟ್ಟುಕೊಳ್ಳಬಹುದು ಅಂತ ತಿಂಗಳ ಹಿಂದೆ ಉಗ್ರಾಣಿ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದ್ದ. ನಾಲ್ಕು ಪುಟ ಬರೆದುಕೊಂಡು ಹೋಗಿದ್ದ. ಮುಖ್ಯಸ್ಥ ಮೊದಲ ಪುಟ ಮಾತ್ರ ನೋಡಿ, "ಮ್ಯೂಸಿಯಮ್ಮಿಗೆ ಕೊಡೋಣ ಸಾರ್, ಪಕ್ಕದಲ್ಲಿ ನಿಂತು ವಿವರಿಸೋಕೆ ಒಬ್ಬ ಗೈಡ್ ಕೂಡ ಬೇಕಾಗತ್ತೆ" ಎಂದ. ಎಲ್ಲರೂ ನಕ್ಕರು. ಉಗ್ರಾಣಿಯೂ ನಕ್ಕ. ಉಳಿದವರೆಲ್ಲ ನಿಲ್ಲಿಸಿದ ಮೇಲೂ ಅವನ ನಗು ಒಂದು ಗಳಿಗೆ ಮುಂದುವರಿದಿತ್ತು. ಅದು ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ. ಅದಾದ ವಾರಕ್ಕೇ ಏಳನೆಯ ಸರ್ವರು ರಿಪೇರಿಗೆ ಹೋಯಿತು. ಅದರ ಎಂಟು ಕನೆಕ್ಷನ್ ಖಾಲಿ ಬಿತ್ತು. ಉಗ್ರಾಣಿ ಯಾರಿಗೂ ಹೇಳದೆ ಅಜ್ಜನ ಎರಡು ನೀಲಿ ಕೇಬಲ್ ತೆಗೆದು ಅಲ್ಲಿ ಚುಚ್ಚಿದ; ಆ ಎಂಟನ್ನೂ ಅಜ್ಜ ಹಿಡಿಯಿತು. ಒಂದು ತಿಂಗಳು ಓಡಿಸುತ್ತೇನೆ, ಅಂಕಿ ಅಂಶ ಹಿಡಿದು ಅವನ ಮೇಜಿನ ಮೇಲೆ ಬಿಸಾಡುತ್ತೇನೆ, ಆಗ ನಗಲಿ ನೋಡೋಣ. ಹಾಳೆಯಲ್ಲಿ ಬರೆಯಲಿಲ್ಲ. ಬರೆದರೆ ಯಾರಾದರೂ ನೋಡಿಯಾರು. ತನ್ನದೇ ಹಾಳೆ, ತನ್ನದೇ ಪೆನ್ಸಿಲು, ತನ್ನದೇ ಕಟ್ಟಳೆ. ಕೈ ಪೆನ್ಸಿಲಿನವರೆಗೆ ಹೋಗಿ ವಾಪಸ್ಸು ಬಂದಿತ್ತು.

ಈಗ ಆ ಹಾಳೆಯನ್ನು ನೋಡಬೇಕೆಂದು ಕಪಾಟಿನ ಹತ್ತಿರ ಬಂದ. ಹಾಳೆ ಇರಲಿಲ್ಲ. ನಾಲ್ಕು ಮೂಲೆಯಲ್ಲಿ ಟೇಪಿನ ಗುರುತು, ನಡುವೆ ಬಣ್ಣ ಮಾಸದ ಚೌಕ, ದಾರದ ತುದಿಯಲ್ಲಿ ತೂಗುವ ಪೆನ್ಸಿಲು. ತೆಗೆದದ್ದು ಮೈದುನನೇ, ಬೇರೆ ಯಾರು ತೆಗೆಯುತ್ತಾರೆ? ಏಳನೆಯ ಸಾಲು ಖಾಲಿ ಇತ್ತು ನೋಡಿ ಸಾರ್, ನಾನು ಹಾಳೆ ನೋಡಿಯೇ ಆನ್ ಮಾಡಿದ್ದು, ಯಾರೋ ಬರೆಯದೆ ಹಚ್ಚಿದ್ದಾರೆ, ಅಂತ ಮೂರು ಗಂಟೆಗೆ ತೋರಿಸುತ್ತಾನೆ. ಯಾರೋ ಎಂದರೆ ಯಾರು ಅಂತ ಆಮೇಲೆ ಹೇಳಬೇಕಾಗಿಲ್ಲ. ಉಗ್ರಾಣಿಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಅನ್ನ ಹಾಕಿದ ಕೈಯನ್ನು ಕಚ್ಚುತ್ತಾನಲ್ಲ ಇವನು ಎಂಬ ಸಿಟ್ಟು. ಅದು ನ್ಯಾಯವಲ್ಲ ಎಂದು ಗೊತ್ತಿದ್ದೂ ಆ ಸಿಟ್ಟು ಹಾಯೆನಿಸಿತು.

ಗುರುವಾರ ಬೆಳಿಗ್ಗೆ ಮೈದುನ ನಿಂತದ್ದು ಇಲ್ಲೇ, ಈ ಚೌಕದ ಮುಂದೆ. ರಿಪೇರಿಯಾಗಿ ಬಂದ ಏಳನೆಯ ಸರ್ವರನ್ನು ಜೋಡಿಸಿ, ಹಾಳೆ ನೋಡಿ, ಏಳನೆಯ ಸಾಲು ಖಾಲಿಯಿದೆ ಎಂದು ಖಾತ್ರಿ ಮಾಡಿಕೊಂಡು, ಪೆನ್ಸಿಲಿನಲ್ಲಿ ಬರೆದು ಸಹಿ ಹಾಕಿ, ಆನ್ ಮಾಡಿದ. ಸ್ಟೋರೇಜು ಅದಕ್ಕೆ ಬಾಗಿಲು ತೆಗೆಯಲಿಲ್ಲ. ಸತ್ತುಹೋದ ಕನೆಕ್ಷನ್ನುಗಳು ಜಾಗ ಹಿಡಿದಿರಬೇಕು ಅಂದುಕೊಂಡು ಅವನು ಪುಸ್ತಕದಲ್ಲಿದ್ದ ಹಾಗೇ ಮಾಡಿದ: ಎಲ್ಲವನ್ನೂ ಒಂದು ಕ್ಷಣ ಬಿಡಿಸಿ ಮತ್ತೆ ಹಿಡಿಯುವಂತೆ ಗುಂಡಿ ಒತ್ತಿದ. ಎಂಟಿದ್ದಿದ್ದರೆ ನಾಲ್ಕು ಸೆಕೆಂಡಿನ ಕೆಲಸ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವತ್ತು ಒಂಬತ್ತಿದ್ದವು. ಎಂಟು ಕುರ್ಚಿಗೆ ಒಂಬತ್ತು ಜನ ಓಡಿದರು. ಏಳನೆಯದಕ್ಕೆ ಜಾಗ ಸಿಕ್ಕಿತು, ಅಜ್ಜನಿಗೂ ಸಿಕ್ಕಿತು, ಮೂರನೆಯದು ಹೊರಗುಳಿಯಿತು. ಲ್ಯಾಬಿನ ಮಷೀನು ಇದ್ದದ್ದು ಆ ಮೂರನೆಯದರಲ್ಲಿ. ಸರ್ವರು ಪೂರ್ತಿ ಸತ್ತಿದ್ದರೆ ಅದರ ಮಷೀನುಗಳನ್ನು ಉಳಿದವು ಹೊತ್ತುಕೊಳ್ಳುತ್ತಿದ್ದವು. ಅದು ಸಾಯಲಿಲ್ಲ, ಉಸಿರು ಕಟ್ಟಿಕೊಂಡು ನಿಂತಿತು, ಹಾಗಾಗಿ ಉಳಿದವು ಅದು ಬದುಕಿದೆ ಎಂದೇ ತಿಳಿದು ಸುಮ್ಮನಿದ್ದವು. ಆಗ ಹತ್ತೂ ಇಪ್ಪತ್ತು. ಉಗ್ರಾಣಿ ಬಂದು ಪರದೆ ನೋಡಿದ್ದು ಹತ್ತೂ ಇಪ್ಪತ್ತೈದಕ್ಕೆ. ನೋಡಿದ ಕೂಡಲೇ ಗೊತ್ತಾಯಿತು. ಇಡೀ ಕೋಣೆಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಎಂಟು ಹೆಜ್ಜೆ ನಡೆದು ಎರಡು ಕೇಬಲ್ ಕಿತ್ತರೆ ಸಾಕಿತ್ತು.

ಅವನು ಕೀಳಲಿಲ್ಲ. ಮೈದುನ ಅಲ್ಲಿದ್ದ. ಕೀಬೋರ್ಡಿನ ಮೇಲೆ ಬಗ್ಗಿ, ಬೆವರು ಒರೆಸಿಕೊಳ್ಳುತ್ತ, "ಭಾವ, ಎಲ್ಲೋ ಒಂದು ಹೆಚ್ಚಿಗೆ ಇದೆ ಭಾವ, ಲೆಕ್ಕ ಸರಿಹೋಗ್ತಿಲ್ಲ" ಎನ್ನುತ್ತಿದ್ದ. ಉಗ್ರಾಣಿ ಅವನ ಹಿಂದೆ ನಿಂತು, "ನೀನು ಮೇಲೆ ಹೋಗಿ ಲ್ಯಾಬಿನವರಿಗೆ ಸಮಾಧಾನ ಹೇಳಿ ಬಾ, ನಾನು ನೋಡ್ತೀನಿ" ಎಂದ. "ಇರಿ ಭಾವ, ಇನ್ನೊಂದ್ಸಲ ನೋಡ್ತೀನಿ." ಐದು ನಿಮಿಷ ಬಿಟ್ಟು ಮತ್ತೆ ಹೇಳಿದ. "ಇರಿ ಭಾವ." ಗಡಿಯಾರ ನೋಡುತ್ತಿದ್ದ, ಅಜ್ಜನ ಕಡೆ ನೋಡುತ್ತಿರಲಿಲ್ಲ. ಹತ್ತೂ ಐವತ್ತೆರಡಕ್ಕೆ ದನಿಯೇರಿಸಿ "ಹೋಗೋ ಅಂದ್ರೆ ಹೋಗೋ!" ಎಂದು ಗದರಿದಾಗ ಮೈದುನ ಎದ್ದು ಓಡಿದ. ಉಗ್ರಾಣಿ ಆಮೇಲೂ ಬಾಗಿಲು ಮುಚ್ಚಿದ ಸದ್ದು ಕೇಳುವವರೆಗೆ ಕಾದ, ಲಿಫ್ಟಿನ ಸದ್ದಿಗೂ ಕಾದ. ಕೇಬಲ್ ಕಿತ್ತಾಗ ಹತ್ತೂ ಐವತ್ತೇಳು. ಮೂರನೆಯದು ಉಸಿರು ಬಿಟ್ಟಿತು. ಎಲ್ಲ ಸರಿಹೋಯಿತು. ಮುಖ್ಯಸ್ಥ ಮೇಲಿನಿಂದ ಧಡಧಡ ಇಳಿದು ಬಂದು, ಉಗ್ರಾಣಿಯ ಎರಡೂ ಕೈ ಹಿಡಿದು, "ಸಾರ್, ನೀವಿಲ್ಲದಿದ್ರೆ ಇವತ್ತು ಕತೆ ಮುಗಿದೇ ಹೋಗ್ತಿತ್ತು" ಎಂದ. ಎರಡು ವರ್ಷದಲ್ಲಿ ಆ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು. ಉಗ್ರಾಣಿಗೆ ಸಂತೋಷವಾಯಿತು. ಹೌದು, ಸಂತೋಷವೇ ಆಯಿತು; ಆ ಒಂದು ನಿಮಿಷ ಅವನ ಮೈ ಹಗುರಾಗಿತ್ತು.

ಹದಿನಾಲ್ಕನೇ ಹಾಸಿಗೆಯ ವಿಷಯ ಗೊತ್ತಾದದ್ದು ಮಧ್ಯಾಹ್ನ. ರಕ್ತದ ರಿಪೋರ್ಟು ಹತ್ತೂ ಇಪ್ಪತ್ತೊಂಬತ್ತಕ್ಕೇ ತಯಾರಾಗಿತ್ತಂತೆ. ಏನೋ ಒಂದು ಉಪ್ಪಿನ ಅಂಶ ವಿಪರೀತ ಏರಿತ್ತಂತೆ, ಒಂದು ಇಂಜೆಕ್ಷನ್ ಕೊಡಬೇಕಿತ್ತಂತೆ. ಲ್ಯಾಬಿನವರು ಫೋನಾದರೂ ಮಾಡಬೇಕಿತ್ತು, ಆದರೆ ಅವರ ಪರದೆಯೂ ಅದೇ ಮಷೀನಿನದು. ಯಾವ ಸೀಸೆ ಯಾರದು ಅಂತ ಅವರಿಗೇ ಕಾಣಲಿಲ್ಲ. ಹತ್ತೂ ಐವತ್ತಕ್ಕೆ ಆ ಮನುಷ್ಯನ ಎದೆ ನಿಂತಿತು. ಮೊದಲೇ ಗೊತ್ತಾಗಿದ್ದರೂ ಉಳಿಯುತ್ತಿದ್ದ ಅಂತ ಹೇಳೋಕಾಗಲ್ಲ, ಎಂದಿದ್ದರು ದೊಡ್ಡ ಡಾಕ್ಟರು. ಉಗ್ರಾಣಿ ಆ ವಾಕ್ಯವನ್ನು ನಾಲ್ಕು ದಿನದಿಂದ ಜೇಬಿನಲ್ಲಿ ಇಟ್ಟುಕೊಂಡವನ ಹಾಗೆ ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಹನ್ನೊಂದರ ಸುಮಾರಿಗೆ ಮೇಲಿನ ಮಹಡಿಗೆ ಹೋಗಬೇಕಾಗಿ ಬಂತು. ಕಾರಿಡಾರಿನ ಬೆಂಚಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು, ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ಗಂಡಸರ ಚಪ್ಪಲಿ. ಅವನ ಕೊರಳಲ್ಲಿದ್ದ ಆಸ್ಪತ್ರೆಯ ಕಾರ್ಡು ನೋಡಿ ಎದ್ದು ಬಂದಳು. "ಅಣ್ಣಾ, ಸರ್ಟಿಫಿಕೇಟು ಎಲ್ಲಿ ಕೊಡ್ತಾರೆ? ಅಲ್ಲಿ ಕೇಳಿದ್ರೆ ಇಲ್ಲಿ ಅಂತಾರೆ, ಇಲ್ಲಿ ಕೇಳಿದ್ರೆ ಅಲ್ಲಿ ಅಂತಾರೆ."

"ಯಾವ ಸರ್ಟಿಫಿಕೇಟಮ್ಮಾ?"

"ನಮ್ಮೆಜಮಾನ್ರದು. ಗುರುವಾರ ತೀರ್ಕೊಂಡ್ರಲ್ಲ. ಹದಿನಾಲ್ಕನೇ ಬೆಡ್ಡು."

ಅವಳು ಬೇರೆ ಯಾವ ನಂಬರನ್ನಾದರೂ ಹೇಳಬಹುದಿತ್ತು. ಉಗ್ರಾಣಿ ಮುಂದೆ ನಡೆದ, ಅವಳು ಹಿಂದೆ ಬಂದಳು. ಎರಡು ಮೆಟ್ಟಿಲು ಸಾಲು ಇಳಿದು, ಔಷಧಿಯ ಕೌಂಟರು ದಾಟಿ, ಹಸಿರು ಬಾಗಿಲಿನ ಕಿಟಕಿಯವರೆಗೆ. ಒಳಗಿದ್ದ ಗುಮಾಸ್ತ ನಾಳೆ ಬನ್ನಿ ಎಂದಾಗ ಉಗ್ರಾಣಿ ತನ್ನ ಕಾರ್ಡು ತೋರಿಸಿ, ಯಾವತ್ತೂ ಇಲ್ಲದ ಗತ್ತಿನಿಂದ, "ಈಗಲೇ ಕೊಡಿ, ನಾನು ಇಲ್ಲೇ ನಿಂತಿರ್ತೀನಿ" ಎಂದ. ಕಂಪ್ಯೂಟರು ಚಕಚಕ ಓಡಿತು, ಕಾಗದ ಹೊರಗೆ ಬಂತು. ಸ್ಟೋರೇಜು ಒಂದು ಸೆಕೆಂಡೂ ತಡಮಾಡಲಿಲ್ಲ. ಅವಳು ಕಾಗದವನ್ನು ನಾಲ್ಕಾಗಿ ಮಡಚಿ ಚಪ್ಪಲಿಯ ಕವರಿನೊಳಗೇ ಇಟ್ಟುಕೊಂಡಳು. ಆಮೇಲೆ ಅವನ ಕುತ್ತಿಗೆಯನ್ನೇ ನೋಡುತ್ತ, "ಕಾಲರ್ ತಿರುಗಿಸಿ ಹೊಲಿದಿದಾರೆ" ಎಂದಳು. "ನಮ್ಮೋರು ಟೈಲರು. ಈಗ ಯಾರೂ ಇದನ್ನ ಮಾಡಿಸಲ್ಲ ಅಂತಿದ್ರು. ಚೆನ್ನಾಗಿ ಮಾಡಿದಾರೆ ಅಣ್ಣಾ, ಗೊತ್ತೇ ಆಗಲ್ಲ." ಎಂದವಳು ಕೈಮುಗಿದಳು. "ಇಷ್ಟು ದೊಡ್ಡ ಆಸ್ಪತ್ರೇಲಿ ನೀವೊಬ್ರೇ ಮನುಷ್ಯರ ಥರ ಮಾತಾಡಿದ್ದು." ಅವಳು ಬಾಗಿಲ ಹೊರಗೆ ಬೆಳಕಿನಲ್ಲಿ ಕರಗುವವರೆಗೂ ಉಗ್ರಾಣಿ ನಿಂತಿದ್ದು, ಆಮೇಲೆ ಗಂಡಸರ ಪಾಯಿಖಾನೆಗೆ ಹೋಗಿ, ಚಿಲಕ ಹಾಕಿಕೊಂಡು, ಸುಮ್ಮನೆ ಗೋಡೆ ನೋಡುತ್ತ ಕೂತ. ಹೊರಗೆ ಯಾರೋ ಬಾಗಿಲು ಬಡಿದು "ಎಷ್ಟೊತ್ರೀ?" ಎಂದು ಬೈದರು. ನೀರು ಬಿಡುವ ನಾಟಕ ಮಾಡಿ ಎದ್ದು ಬಂದ.

ಕ್ಯಾಂಟೀನಿನಲ್ಲಿ ಮೈದುನ ಮೂಲೆಯ ಮೇಜಿನಲ್ಲಿ ಒಬ್ಬನೇ ಉಣ್ಣುತ್ತಿದ್ದ. ಉಳಿದ ಮೇಜುಗಳಲ್ಲಿ ಜಾಗವಿರದಿದ್ದರೂ ಅವನ ಮೇಜಿಗೆ ಯಾರೂ ಬಂದಿರಲಿಲ್ಲ. ಉಗ್ರಾಣಿ ತಟ್ಟೆ ಹಿಡಿದು ಎದುರಿಗೆ ಕೂತ. ನಿನ್ನ ಅಕ್ಕನ ಫೋನ್ ಯಾಕೆ ಎತ್ತಲ್ಲ, ಎಂದ. ಎತ್ತುತೀನಿ ಭಾವ, ಎಂದ ಅವನು. ಗಡ್ಡ ಬೋಳಿಸಿಕೊಂಡಿದ್ದ, ಇಸ್ತ್ರಿ ಮಾಡಿದ ಷರ್ಟು ಹಾಕಿದ್ದ, ಹೆಣ್ಣು ನೋಡಲು ಹೊರಟವನ ಹಾಗಿದ್ದ.

"ಹಾಳೆ ನೀನು ತೆಗೆದ್ಯಾ?"

"ಹೌದು. ಮೀಟಿಂಗಿಗೆ ಬೇಕಲ್ಲ."

"ಅದರಲ್ಲಿ ಏಳನೇ ಸಾಲು..." ಎಂದು ಉಗ್ರಾಣಿ ಶುರುಮಾಡಿದ. ಈಗ, ಇಲ್ಲಿ, ಇವನ ಮುಂದಾದರೂ. ಬಸ್ಸಿನಲ್ಲಿ ಕಟ್ಟಿದ್ದ ಸಾಲು ಗಂಟಲವರೆಗೆ ಬಂತು. "ನೋಡು, ಆ ಅಜ್ಜ..."

"ಅಜ್ಜ ಇನ್ನೂ ಬೆಚ್ಚಗಿತ್ತು ಭಾವ," ಎಂದ ಮೈದುನ, ತಟ್ಟೆಯಿಂದ ತಲೆಯೆತ್ತದೆ. "ಗುರುವಾರ ನಾನು ಲ್ಯಾಬಿಂದ ವಾಪಸ್ ಬಂದಾಗ. ಕೈಯಿಟ್ಟು ನೋಡಿದೆ. ಎರಡು ವರ್ಷದಿಂದ ಆಫ್ ಆಗಿರೋದು, ಬೆಚ್ಚಗಿತ್ತು." ನೀರು ಕುಡಿದ. "ಊಟ ಮಾಡಿ ಭಾವ, ತಣ್ಣಗಾಗತ್ತೆ."

ಇಬ್ಬರೂ ಉಂಡರು. ಪಕ್ಕದ ಮೇಜಿನವರು ನರ್ಸೊಬ್ಬಳ ಮದುವೆಯ ಸುದ್ದಿ ಹೇಳಿಕೊಂಡು ಬಿದ್ದು ಬಿದ್ದು ನಗುತ್ತಿದ್ದರು. ಹಾಗಾದರೆ ಇವನಿಗೆ ಎಲ್ಲ ಗೊತ್ತು, ನಾಲ್ಕು ದಿನದಿಂದ ಗೊತ್ತು, ಹಾಳೆ ಹಿಡಿದು ಇವತ್ತು ನನ್ನ ಮಾನ ಹರಾಜು ಹಾಕುತ್ತಾನೆ. ಹಾಕಲಿ. ಅವನೇ ಹೇಳಿಬಿಟ್ಟರೆ ನಾನು ಹೇಳುವ ಕಷ್ಟ ತಪ್ಪುತ್ತದೆ, ಎಂದು ಒಂದು ಮನಸ್ಸು; ಅವನು ಬಾಯಿ ತೆಗೆಯುವ ಮೊದಲೇ ನಾನು ಹೇಳಿದರೆ ಸ್ವಲ್ಪವಾದರೂ ಮರ್ಯಾದೆ ಉಳಿಯುತ್ತದೆ, ಎಂದು ಇನ್ನೊಂದು. ಆಗಲೂ ಅವನು ಮರ್ಯಾದೆಯ ಬಗ್ಗೆಯೇ ಯೋಚಿಸುತ್ತಿದ್ದ.

ಮೂರು ಗಂಟೆಗೆ ಮುಖ್ಯಸ್ಥನ ಕೋಣೆಯಲ್ಲಿ ನಾಲ್ಕು ಜನ. ಮುಖ್ಯಸ್ಥ, ದೊಡ್ಡ ಡಾಕ್ಟರು, ಮೈದುನ, ಉಗ್ರಾಣಿ. ಎಸಿ ಜೋರಾಗಿತ್ತು. ಡಾಕ್ಟರು ಕನ್ನಡಕ ಒರೆಸುತ್ತಿದ್ದರು. ಮುಖ್ಯಸ್ಥ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. "ಗುಂಡಿ ಒತ್ತಿದ್ದೇ ತಪ್ಪು ಅಂತ ಮೊದಲು ಅಂದುಕೊಂಡಿದ್ದೆ. ಅಲ್ಲ. ಮೂರು ವಾರದಿಂದ ಒಂಬತ್ತನೆಯದೊಂದು ಸ್ಟೋರೇಜಿಗೆ ತಗುಲಿಕೊಂಡಿತ್ತು. ಅದನ್ನ ಹಚ್ಚಿದವರು ಯಾರೋ, ಅವರದ್ದು ತಪ್ಪು. ಕಂಪ್ಯೂಟರಿನ ದಾಖಲೆಯಲ್ಲಿ ಹೆಸರು ಬರಲ್ಲ, ಇವರೆಲ್ಲ ಒಂದೇ ಪಾಸ್‌ವರ್ಡ್ ಇಟ್ಕೊಂಡಿದಾರೆ." ನಾನು ಎಂಬ ಎರಡಕ್ಷರ ಉಗ್ರಾಣಿಯ ತುಟಿಯ ಹಿಂದೆ ಬಂದು ನಿಂತಿತ್ತು; ಹೊರಗೆ ಬಿಡುವುದೊಂದು ಬಾಕಿ. ಕುರ್ಚಿಯ ಕೈಯನ್ನು ಒತ್ತಿ ಹಿಡಿದು ಸ್ವಲ್ಪ ಮುಂದಕ್ಕೆ ಬಾಗಿದ ಕೂಡ.

"ನಾನು ಸಾರ್," ಎಂದ ಮೈದುನ.

ಫೈಲಿನಿಂದ ಹಾಳೆ ತೆಗೆದು ಮೇಜಿನ ಮೇಲೆ ಹರಡಿದ. ಗುರುವಾರ ಬರೆದದ್ದನ್ನು ಉಜ್ಜಿ ಅಳಿಸಿ, ಏಳನೆಯ ಸಾಲಿನ ಎಂಟೂ ಮನೆಗಳ ಮೇಲೆ ಪೆನ್ಸಿಲಿನಲ್ಲಿ ದಪ್ಪಗೆ ಬರೆದಿತ್ತು: ಹಳೇ ಸರ್ವರ್, ಟೆಸ್ಟಿಗೆ. ಮೂರು ವಾರದ ಹಿಂದಿನ ತಾರೀಕು. ಕೆಳಗೆ ಮೈದುನನ ಸಣ್ಣ ಸಹಿ. "ಓಡತ್ತಾ ನೋಡೋಣ ಅಂತ ಹಚ್ಚಿದ್ದೆ ಸಾರ್. ಏಳನೇದನ್ನ ಆನ್ ಮಾಡೋವಾಗ ಮರೆತುಬಿಟ್ಟೆ. ಹಾಳೆ ನೋಡಿಕೊಳ್ಳಲಿಲ್ಲ."

"ಮರೆತ್ರಾ?" ಎಂದರು ಡಾಕ್ಟರು. ಒರೆಸುತ್ತಿದ್ದ ಕನ್ನಡಕ ಅಲ್ಲೇ ನಿಂತಿತ್ತು. "ಮರೆತ್ರಾ?"

ಮುಖ್ಯಸ್ಥ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. ಎರಡು ವರ್ಷದಲ್ಲಿ ಅದನ್ನು ಅವನು ಓದಿದ್ದು ಇದೇ ಮೊದಲು. ಆಮೇಲೆ ಉಗ್ರಾಣಿಯ ಕಡೆ ಚಾಚಿದ. "ಸಾರ್, ಈ ಹಾಳೆ ನಿಮ್ಮದು, ನಿಮಗೆ ಗೊತ್ತಿರತ್ತೆ. ಇದು ಇವರ ಅಕ್ಷರಾನಾ?"

ಉಗ್ರಾಣಿ ಹಾಳೆ ಹಿಡಿದ. ಏಳು ವರ್ಷದ ಹಿಂದೆ ತಾನೇ ಸ್ಕೇಲಿಟ್ಟು ಎಳೆದ ಗೆರೆಗಳು. ಮೈದುನನ ಸ, ಅದರ ಬಾಲ ಯಾವತ್ತೂ ಗೆರೆ ದಾಟುತ್ತದೆ, ಎಷ್ಟು ಸಲ ಬೈದಿದ್ದೇನೆ. ಅವನು ಮೈದುನನ ಕಡೆ ನೋಡಿದ. ಮೈದುನ ಕಿಟಕಿ ನೋಡುತ್ತಿದ್ದ, ಕತ್ತು ನೆಟ್ಟಗಿತ್ತು. ಹೇಳು, ಹೇಳು, ಎಂದು ಒಳಗೆ ಯಾರೋ ಹೊಡೆದುಕೊಳ್ಳುತ್ತಿದ್ದರು. ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ಬಹಳ ಸುಲಭವಿತ್ತು.

"ಹೌದು," ಎಂದ. "ಅವನ ಅಕ್ಷರವೇ."

ಆಮೇಲಿನದು ಹತ್ತು ನಿಮಿಷವೂ ಹಿಡಿಯಲಿಲ್ಲ. ಮುಖ್ಯಸ್ಥ ಒಂದು ಕಾಗದ ಮುಂದಿಟ್ಟ, ಮೈದುನ ಓದದೆ ಸಹಿ ಹಾಕಿದ. ಕೊರಳ ಕಾರ್ಡು ತೆಗೆದು ಮೇಜಿನ ಮೇಲಿಟ್ಟ. ಡಾಕ್ಟರು ಯಾರನ್ನೂ ನೋಡದೆ ಎದ್ದು ಹೋದರು. ಹೊರಗೆ ಕಾರಿಡಾರಿನಲ್ಲಿ ಉಗ್ರಾಣಿ ಹಿಂದಿನಿಂದ ಹೆಚ್ಚುಕಡಿಮೆ ಓಡಿಕೊಂಡೇ ಬಂದು ಅವನ ತೋಳು ಹಿಡಿದ. "ಯಾಕೋ? ಯಾಕೋ ಹೀಗೆ ಮಾಡ್ದೆ? ನಾನು ಹೇಳ್ತಿದ್ದೆ ಕಣೋ, ಇನ್ನೊಂದು ನಿಮಿಷ ಬಿಟ್ಟಿದ್ರೆ ನಾನೇ..."

"ಗೊತ್ತು ಭಾವ," ಎಂದ ಮೈದುನ. ದನಿಯಲ್ಲಿ ಕೋಪವಿರಲಿಲ್ಲ. "ಅದಕ್ಕೇ ಅವರು ನಿಮ್ಮನ್ನ ಕೇಳಲಿ ಅಂತ ಕಾದೆ. ಕೇಳಿದ್ರಲ್ಲ, ಆಗಲೂ ನೀವು ಹೇಳ್ಲಿಲ್ಲ." ತೋಳನ್ನು ಮೆಲ್ಲಗೆ ಬಿಡಿಸಿಕೊಂಡ. "ನಿಮಗೆ ಪೆನ್ಷನ್ನಿಗೆ ನಾಲ್ಕು ವರ್ಷ ಇದೆ. ಅಕ್ಕ ಆ ಮನೇಲಿ ಇರ್ಬೇಕು. ಅಷ್ಟೇ. ಒಂದು ಮಾತು ಮಾತ್ರ ಕೇಳ್ತೀನಿ ಭಾವ, ನಡೆಸಿಕೊಡಿ. ಇನ್ನು ಮೇಲೆ ಯಾರ ಮುಂದೆನೂ ನನ್ನನ್ನ ನೀವು ಸೇರಿಸಿದ ಹುಡುಗ ಅನ್ಬೇಡಿ."

ಲಿಫ್ಟು ಬಂತು. ಅವನು ಒಳಗೆ ಹೋಗಿ ಗುಂಡಿ ಒತ್ತಿದ. ಬಾಗಿಲು ಮುಚ್ಚುವವರೆಗೂ ಇಬ್ಬರೂ ಒಬ್ಬರ ಎದುರಿಗೊಬ್ಬರು ನಿಂತಿದ್ದರು. ಒಳಗೆ ಇನ್ನೂ ನಾಲ್ಕು ಜನಕ್ಕೆ ಜಾಗವಿತ್ತು.

ಹಾಳೆಯನ್ನು ವಾಪಸ್ಸು ಅಂಟಿಸಲು ಮುಖ್ಯಸ್ಥ ಉಗ್ರಾಣಿಗೇ ಕೊಟ್ಟ. "ಇದು ಒಳ್ಳೆ ಪದ್ಧತಿ ಸಾರ್. ಇನ್ಮೇಲೆ ಎಲ್ಲರೂ ಕಡ್ಡಾಯವಾಗಿ ಬರೀಬೇಕು ಅಂತ ಸುತ್ತೋಲೆ ಕಳಿಸ್ತೀನಿ, ನಿಮ್ಮ ಹೆಸರಲ್ಲೇ." ಉಗ್ರಾಣಿ ನೆಲಮಾಳಿಗೆಗೆ ಹೋಗಿ ನಾಲ್ಕು ಮೂಲೆಗೆ ಹೊಸ ಟೇಪು ಹಚ್ಚಿದ. ರಬ್ಬರು ತೆಗೆದು ಏಳನೆಯ ಸಾಲನ್ನು ಉಜ್ಜಿದ. ಅವನು ಒತ್ತಿ ಬರೆದಿದ್ದ, ಬೇಗ ಹೋಗಲಿಲ್ಲ. ಕೊನೆಗೆ ಹಾಳೆ ಸ್ವಲ್ಪ ಹರಿಯಿತು, ಅಲ್ಲಿಗೇ ಬಿಟ್ಟ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ದಾರಿಯುದ್ದಕ್ಕೂ ಹೆಂಡತಿಯ ಮುಂದೆ ಹೇಳಬೇಕಾದದ್ದನ್ನು ಜೋಡಿಸಿಕೊಂಡಿದ್ದ. ಇವಳ ಮುಂದಾದರೂ ಎಲ್ಲ ಕಕ್ಕಿಬಿಡಬೇಕು, ಅವಳು ಉಗಿದರೆ ಉಗಿಸಿಕೊಳ್ಳಬೇಕು, ಉಗಿಸಿಕೊಂಡರೆ ಹಗುರಾದೀತು. ಅವಳು ಬಾಗಿಲು ತೆಗೆದಳು. ಕಣ್ಣು ಕೆಂಪಗಿತ್ತು. ಆದರೆ ಅವನ ಕೈಯಿಂದ ಚೀಲ ತೆಗೆದುಕೊಂಡ ರೀತಿ ಬೇರೆಯಾಗಿತ್ತು, ಮದುವೆಯಾದ ಹೊಸತರಲ್ಲಿ ತೆಗೆದುಕೊಳ್ಳುತ್ತಿದ್ದಳಲ್ಲ, ಹಾಗೆ.

"ಅವನು ಫೋನ್ ಮಾಡಿದ್ದ ರೀ."

ಉಗ್ರಾಣಿ ಚಪ್ಪಲಿ ಬಿಡುತ್ತಿದ್ದವನು ಹಾಗೇ ಬಗ್ಗಿ ನಿಂತ. "ಏನಂದ?"

"ತಪ್ಪು ನಂದೇ ಅಕ್ಕಾ, ಕೆಲಸ ಹೋಯ್ತು ಅಂದ. ಭಾವ ನನಗೋಸ್ಕರ ಎಲ್ಲರ ಮುಂದೆ ಎಷ್ಟು ಹೊಡೆದಾಡಿದ್ರು ಗೊತ್ತಾ, ಕೈಮುಗಿದು ಕೇಳ್ಕೊಂಡ್ರು, ಅವರ ಮೇಲೆ ಬೇಜಾರು ಮಾಡ್ಕೋಬೇಡ ಅಂದ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಬೆಳಿಗ್ಗೆ ನಾನು ಹಾಗೆಲ್ಲ ಮಾತಾಡಬಾರ್ದಿತ್ತು ರೀ. ನಿಮ್ಮನ್ನ ಅನುಮಾನಿಸಿಬಿಟ್ಟೆ."

ಉಗ್ರಾಣಿ ನೆಟ್ಟಗಾದ.

"ನಾನು ಒಂದು ಸುಳ್ಳೂ ಹೇಳಲಿಲ್ಲ ಕಣೆ," ಎಂದ.

"ನನಗೆ ಗೊತ್ತಿಲ್ವಾ," ಎಂದಳು. "ಕೈಕಾಲು ತೊಳ್ಕೊಳಿ, ಮಧ್ಯಾಹ್ನ ಏನು ತಿಂದ್ರೋ ಬಿಟ್ರೋ."

ತಟ್ಟೆಯ ಮುಂದೆ ಕೂತಾಗ ಮುಖ ಎತ್ತಬೇಡ, ಉಣ್ಣಬೇಡ, ತಟ್ಟೆ ಸರಿಸಿ ಎದ್ದುಬಿಡು ಎಂದುಕೊಂಡ. ಕೈ ತುತ್ತು ಕಲಸಿತು. ಹೊಟ್ಟೆ ಚೆನ್ನಾಗಿ ಹಸಿದಿತ್ತು. ಅವಳು ಎದುರಿಗೆ ಕೂತು ಅವನು ಉಣ್ಣುವುದನ್ನೇ ನೋಡುತ್ತಿದ್ದಳು.

"ಇನ್ನೊಂದು ಸ್ವಲ್ಪ ಹಾಕ್ಲಾ?"

"ಹಾಕು," ಎಂದ.